ವಂಶದ ಹೆಮ್ಮೆ ಮತ್ತು ಮರೆತುಹೋದ ತಾಯಂದಿರು

ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಬದುಕುತ್ತಿರುವ ಮುಸ್ಲಿಮ್ ಕುಟುಂಬಗಳಿಗೆ ಇಂದು ಎರಡು ದಿಕ್ಕುಗಳಿಂದ ಒಂದೇ ಪ್ರಶ್ನೆ ಎದುರಾಗುತ್ತಿದೆ. 'ನೀವು ಎಲ್ಲಿಂದ ಬಂದವರು?' ಎಂಬುದೇ ಆ ಪ್ರಶ್ನೆ. ಕೋಮುವಾದಿಯು ಅದನ್ನು ಕೇಳುವುದು ನಮ್ಮನ್ನು ಈ ಮಣ್ಣಿನಿಂದ ಬೇರ್ಪಡಿಸಲಿಕ್ಕಾಗಿ. ನಮ್ಮೊಳಗಿನ ವಂಶಾಭಿಮಾನಿಯು ಅದನ್ನು ಕೇಳುವುದು ಮದುವೆಯ ಮಾತುಕತೆಯ ವೇಳೆ, ನಮ್ಮವರನ್ನು ನಮ್ಮಿಂದಲೇ ದೂರವಿರಿಸಲಿಕ್ಕಾಗಿ. ಮೊದಲನೆಯವನ ವಿರುದ್ಧ ಬೇಕಾದಷ್ಟು ಭಾಷಣಗಳಾಗಿವೆ, ಲೇಖನಗಳು ಬಂದಿವೆ. ಎರಡನೆಯವನ ವಿಷಯದಲ್ಲಿ ಸಮುದಾಯದ ವೇದಿಕೆಗಳು ಮೌನ ತಾಳುತ್ತವೆ. ಆದರೆ ಇವರಿಬ್ಬರೂ ನಿಂತಿರುವುದು ಒಂದೇ ಸುಳ್ಳಿನ ಮೇಲೆ. ಮನುಷ್ಯನ ಬೆಲೆ ಮತ್ತು ಹಕ್ಕುಗಳನ್ನು ಅವನ ಮೂಲ ಪುರುಷನು ಬಂದಿಳಿದ ಊರು ನಿರ್ಧರಿಸುತ್ತದೆ ಎಂಬುದೇ ಆ ಸುಳ್ಳು.

2022ರ ಮಾರ್ಚ್ ತಿಂಗಳಲ್ಲಿ ಕಾಪುವಿನ ಹೊಸ ಮಾರಿಗುಡಿಯ ಸುಗ್ಗಿ ಮಾರಿಪೂಜೆಯ ಸಂದರ್ಭದಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕುವ ಅವಕಾಶವನ್ನು ನಿರಾಕರಿಸಲಾಯಿತು. ಅಂತಹ ಬಹಿಷ್ಕಾರಗಳಿಗೆ ಹಲವು ನೆಪಗಳನ್ನು ನೀಡಲಾಗುತ್ತದೆ. ಎಲ್ಲ ನೆಪಗಳ ತಳದಲ್ಲಿರುವ ಭಾವನೆ ಮಾತ್ರ ಒಂದೇ, 'ಇವರು ಪರಕೀಯರು'. ಹಾಗಾದರೆ ಈ ಕರಾವಳಿಯಲ್ಲಿ ಎಲ್ಲಿಂದಲೂ ಬಾರದೆ ಇಲ್ಲಿಯೇ ಮೊಳೆತವರು ಯಾರು? ಪೈ, ಕಾಮತ್, ಶೆಣೈ, ಕಿಣಿ, ಪ್ರಭು ಎಂಬ ಹೆಸರುಗಳ ಗೌಡ ಸಾರಸ್ವತರಲ್ಲಿ ಹೆಚ್ಚಿನವರ ಪೂರ್ವಜರು ಗೋವಾದಿಂದ ವಲಸೆ ಬಂದವರು. ಡಿ'ಸೋಜ, ಪಿಂಟೋ, ಲೋಬೋ ಎಂಬ ಹೆಸರುಗಳು ದೀಕ್ಷಾಸ್ನಾನದ ಜೊತೆಗೆ ದೊರೆತ ಪೋರ್ಚುಗೀಸ್ ಹೆಸರುಗಳು. ಅವುಗಳನ್ನು ಹೊತ್ತವರು ಗೋವಾದಿಂದ ಬಂದ ಕೊಂಕಣಿಗರ ಸಂತತಿ. ಶಿವಳ್ಳಿ ಬ್ರಾಹ್ಮಣರನ್ನು ಮಯೂರವರ್ಮನು ಅಹಿಚ್ಛತ್ರದಿಂದ ಕರೆತಂದನೆಂಬುದು ಅವರದೇ ಐತಿಹ್ಯ. 1432ರಲ್ಲಿ ಕಾರ್ಕಳದ 42 ಅಡಿ ಎತ್ತರದ ಗೊಮ್ಮಟ ಮೂರ್ತಿಯನ್ನು ನಿಲ್ಲಿಸಿದ ವೀರಪಾಂಡ್ಯನ ಭೈರರಸ ವಂಶವು ಘಟ್ಟದ ಮೇಲಿನ ಹುಂಚದ ಸಾಂತರರ ಕವಲು. ಇವರಲ್ಲಿ ಯಾರನ್ನೂ 'ನಿಮ್ಮ ಊರಿಗೆ ಹೋಗಿ' ಎಂದು ಯಾರೂ ಹೇಳುವುದಿಲ್ಲ. ಹೇಳಲೂಬಾರದು. ಅವರೆಲ್ಲರೂ ಈ ನಾಡಿನವರು. ಅವರಿಗೆ ಅನ್ವಯವಾಗುವ ನ್ಯಾಯ ನಮಗೂ ಅನ್ವಯವಾಗಬೇಕೆಂಬುದಷ್ಟೇ ನಮ್ಮ ವಾದ.

ಆದರೆ ಈ ವಾದವನ್ನು ನಾವು ಮುಂದಿಡುತ್ತಿರುವಾಗಲೇ ನಮ್ಮದೇ ಮನೆಗಳಲ್ಲಿ ಅದನ್ನು ಕೆಡವುವ ಕೆಲಸ ನಡೆಯುತ್ತಿರುತ್ತದೆ. 'ನಮ್ಮದು ಯಮನಿನಿಂದ ಬಂದ ಮನೆತನ', 'ನಮ್ಮದು ಅಸಲಿ ಅರಬ್ ರಕ್ತ, ಅವರು ಇಲ್ಲಿಯೇ ಮತಾಂತರಗೊಂಡವರು' ಎಂಬ ಮಾತುಗಳನ್ನು ಕೇಳದವರು ನಮ್ಮಲ್ಲಿ ವಿರಳ. ಬ್ಯಾರಿಯ ಮನೆಗೆ ನವಾಯತರ ಹೆಣ್ಣು ಬರುವುದಿಲ್ಲ, ಸಾಹೇಬರ ಮನೆಯವರಿಗೆ ಬ್ಯಾರಿಗಳ ಸಂಬಂಧ ಹಿಡಿಸುವುದಿಲ್ಲ. ಮೀನುಗಾರಿಕೆಯ ಹಿನ್ನೆಲೆಯವರನ್ನೂ ಕ್ಷೌರ ವೃತ್ತಿಯ ಒಸ್ಸಾನರನ್ನೂ ಎಲ್ಲರೂ ಸೇರಿ ಹೊರಗಿಡುತ್ತಾರೆ. ಜುಮಾ ನಮಾಝಿನ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರು ನಿಕಾಹ್‌ನ ಮಾತು ಬಂದಾಗ ಭುಜ ಕೊಡವಿಕೊಳ್ಳುತ್ತಾರೆ. ಮನೆತನದ ಹೆಸರು ದೊಡ್ಡದಾದಷ್ಟೂ ವರದಕ್ಷಿಣೆಯ ಬೇಡಿಕೆಯೂ ದೊಡ್ಡದಾಗುತ್ತದೆ. ನಾವೇ ನಮ್ಮನ್ನು ಅರಬಸ್ತಾನದವರೆಂದು ಕರೆದುಕೊಂಡು ಬೀಗುವುದಾದರೆ, ನಮ್ಮನ್ನು ಅಲ್ಲಿಗೇ ಕಳುಹಿಸಬೇಕೆನ್ನುವವನಿಗೆ ಯಾವ ಬಾಯಿಯಿಂದ ಉತ್ತರಿಸುವುದು?

ವಂಶದ ಹೆಸರನ್ನು ಹಕ್ಕುಪತ್ರವನ್ನಾಗಿ ಮಾಡಿಕೊಂಡ ಜನಾಂಗದ ಗತಿಯೇನಾಯಿತೆಂಬುದನ್ನು ತಿಳಿಯಲು ದಕ್ಷಿಣ ಆಫ್ರಿಕಾದ ಕಡೆಗೆ ನೋಡಬೇಕು. 1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪೆನಿಯು ಕೇಪ್‌ನಲ್ಲಿ ನೆಲೆಯೂರಿತು. 1688ರ ಸುಮಾರಿಗೆ ಫ್ರಾನ್ಸ್‌ನಿಂದ ಧಾರ್ಮಿಕ ಹಿಂಸೆಗೆ ಹೆದರಿ ಓಡಿಬಂದ ಹ್ಯೂಗ್ನೋ ಪ್ರಾಟೆಸ್ಟೆಂಟರು ಅಲ್ಲಿಗೆ ಸೇರಿಕೊಂಡರು. ಡಚ್ಚರು, ಜರ್ಮನರು, ಫ್ರೆಂಚರು ಬೆರೆತು ಆಫ್ರಿಕಾನರ್ ಎಂಬ ಜನಾಂಗ ರೂಪುಗೊಂಡಿತು. ಮಲಾನ್, ಡು ಪ್ಲೆಸಿ, ಡಿ ವಿಲಿಯರ್ಸ್ ಮುಂತಾದ ಕುಲನಾಮಗಳು ಅವರ ಪಾಲಿಗೆ ಶುದ್ಧ ಯೂರೋಪಿಯನ್ ರಕ್ತದ ಪ್ರಮಾಣಪತ್ರಗಳಾದವು. 1948ರಲ್ಲಿ ಅಧಿಕಾರಕ್ಕೇರಿ ವರ್ಣಭೇದ ನೀತಿಯನ್ನು ಸರಕಾರದ ಧೋರಣೆಯನ್ನಾಗಿ ಮಾಡಿದ ಪ್ರಧಾನಿ ಮಲಾನ್ ಸ್ವತಃ ಒಬ್ಬ ನಿರಾಶ್ರಿತನ ವಂಶಜನಾಗಿದ್ದ ಎಂಬುದು ಚರಿತ್ರೆಯ ವ್ಯಂಗ್ಯ. 1949ರಲ್ಲಿ ಮಿಶ್ರ ವಿವಾಹವನ್ನು ನಿಷೇಧಿಸಲಾಯಿತು. 1950ರಲ್ಲಿ ಪ್ರತಿಯೊಬ್ಬನನ್ನೂ ವರ್ಣದ ಪ್ರಕಾರ ನೋಂದಾಯಿಸುವ ಕಾನೂನು ಬಂತು.

ಆದರೆ ಆ ಕುಲನಾಮಗಳು ಮುಚ್ಚಿಟ್ಟ ಸತ್ಯವೇನು? ಕಂಪೆನಿಯ ಹಡಗುಗಳು ಬಂಗಾಳ, ಕೋರಮಂಡಲ, ಮಲಬಾರ್, ಇಂಡೊನೇಶ್ಯದ ದ್ವೀಪಗಳಿಂದ ಗುಲಾಮರನ್ನು ಕೇಪ್‌ಗೆ ಸಾಗಿಸಿದ್ದವು. ಅವರ ಸ್ವಂತ ಹೆಸರುಗಳನ್ನು ಕಿತ್ತು 'ಬಂಗಾಳದವಳು', 'ಮಲಬಾರಿನವನು' ಎಂದು ದಾಖಲಿಸಲಾಯಿತು. ಹಾಗೆ ಬಂದ ಏಂಜೆಲಾ ಎಂಬ ಬಂಗಾಳದ ಸ್ತ್ರೀಯು ಗುಲಾಮಗಿರಿಯಿಂದ ಬಿಡುಗಡೆ ಹೊಂದಿ 1669ರಲ್ಲಿ ಬಾಸ್ಸನ್ ಎಂಬ ವಲಸಿಗನನ್ನು ವಿವಾಹವಾದಳು. ಇಂದು ಅಸಂಖ್ಯ ಆಫ್ರಿಕಾನರ್ ಕುಟುಂಬಗಳಿಗೆ ಆಕೆ ಮೂಲ ಮಾತೆ. ಮಕ್ಕಳಿಗೆ ತಂದೆಯ ಕುಲನಾಮ ಉಳಿಯಿತು, ತಾಯಿಯ ನಾಡು ಅಳಿಸಿಹೋಯಿತು. 1971ರಲ್ಲಿ ಹೇಸೆ ಎಂಬ ಆಫ್ರಿಕಾನರ್ ಸಂಶೋಧಕರೇ ತಮ್ಮ ಜನಾಂಗದ ಮೂಲದಲ್ಲಿ ಸುಮಾರು ಶೇಕಡಾ 7ರಷ್ಟು ಯೂರೋಪಿಯನೇತರ ಅಂಶವಿದೆಯೆಂದು ಲೆಕ್ಕ ಹಾಕಿ ತೋರಿಸಿದರು. ವರ್ಣಭೇದದ ಕಾಲದ ಕೊನೆಯ ಅಧ್ಯಕ್ಷ ಡಿ ಕ್ಲಾರ್ಕ್ ಕೂಡಾ ತಮ್ಮ ಪೂರ್ವಜರಲ್ಲಿ ಬಂಗಾಳದ ಗುಲಾಮ ಸ್ತ್ರೀಯೊಬ್ಬಳಿದ್ದುದನ್ನು ಒಪ್ಪಿಕೊಂಡರು. ಈ ಸತ್ಯವನ್ನು ಒಪ್ಪದ ಕಾನೂನಿನ ಕ್ರೌರ್ಯ ಎಷ್ಟೆಂದರೆ, 1966ರಲ್ಲಿ ಸಾಂಡ್ರಾ ಲೈಂಗ್ ಎಂಬ 10ರ ಪ್ರಾಯದ ಬಾಲಕಿಯನ್ನು, ಆಕೆಯ ತಂದೆ ತಾಯಿಗಳಿಬ್ಬರೂ ಬಿಳಿಯರೆಂದು ನೋಂದಣಿಯಾಗಿದ್ದರೂ, ಮೈಬಣ್ಣದ ಕಾರಣಕ್ಕಾಗಿ ಶಾಲೆಯಿಂದ ಹೊರಹಾಕಿ 'ಬಿಳಿಯಳಲ್ಲ' ಎಂದು ಘೋಷಿಸಲಾಯಿತು. ಅಡಗಿಸಿಟ್ಟ ಅಜ್ಜಿಯರ ಲೆಕ್ಕವನ್ನು ಒಂದು ಮಗುವಿನಿಂದ ವಸೂಲಿ ಮಾಡಲಾಯಿತು.

ಆ ಜನಾಂಗದ ಭಾಷೆಯ ಕಥೆ ಇನ್ನೂ ಸ್ವಾರಸ್ಯಕರ. ಆಫ್ರಿಕಾನ್ಸ್ ಭಾಷೆಯು ಬಿಳಿಯರ ಸ್ವತ್ತೆಂದು ಅವರು ಸಾರಿದರು. ಆದರೆ ಆ ಭಾಷೆಯ ಆರಂಭ ಕಾಲದ ಗ್ರಂಥಗಳಲ್ಲೊಂದು, ಅಬೂಬಕರ್ ಎಫೆಂದಿ ಎಂಬ ಉಸ್ಮಾನಿ ವಿದ್ವಾಂಸರು ಬರೆದು 1877ರಲ್ಲಿ ಪ್ರಕಟವಾದ ಇಸ್ಲಾಮೀ ಕರ್ಮಶಾಸ್ತ್ರ ಗ್ರಂಥ. ಅದರ ಲಿಪಿ ಅರಬಿ. ಅದನ್ನು ಓದುತ್ತಿದ್ದವರು ಗುಲಾಮರ ಮೊಮ್ಮಕ್ಕಳಾದ ಕೇಪ್‌ನ ಮುಸ್ಲಿಮರು.

ನಮ್ಮ ಪೂರ್ವಜರನ್ನು ಆಫ್ರಿಕಾನರ್‌ಗಳಿಗೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ಅವರು ಅಲ್ಲಿನ ಮೂಲನಿವಾಸಿಗಳ ನೆಲವನ್ನು ಬಂದೂಕಿನಿಂದ ಕಸಿದವರು. ಈ ಕರಾವಳಿಗೆ ಬಂದ ಅರಬ್ ವರ್ತಕರು ಇಲ್ಲಿನ ಅರಸರ ಆಶ್ರಯದಲ್ಲಿ ವ್ಯಾಪಾರ ಮಾಡಿದವರು. 14ನೇ ಶತಮಾನದಲ್ಲಿ ಈ ದಾರಿಯಾಗಿ ಸಾಗಿದ ಇಬ್ನ್ ಬತೂತ, ಇಂದಿನ ಬಾರ್ಕೂರು ಎಂದು ಗುರುತಿಸಲಾಗಿರುವ ಫಾಕನೂರಿನಲ್ಲಿ ಹಿಂದೂ ಅರಸನ ಆಡಳಿತದಡಿ ನೆಮ್ಮದಿಯಿಂದಿದ್ದ ಮುಸ್ಲಿಮರನ್ನು ಕಂಡನು. ಬಂದ ಬಗೆ ಬೇರೆಯಾದರೂ ವಂಶಾಭಿಮಾನದ ಕುರುಡು ಮಾತ್ರ ಎರಡೂ ಕಡೆ ಒಂದೇ ಬಗೆಯದು. ಮಳೆಗಾಳಿಯನ್ನು ನಂಬಿ ಹಾಯಿ ಹಡಗಿನಲ್ಲಿ ಬಂದ ವರ್ತಕರು ತಮ್ಮ ಕುಟುಂಬಗಳನ್ನು ಹಡಗಿನಲ್ಲಿ ತುಂಬಿಕೊಂಡು ಬಂದಿರಲಿಲ್ಲ. ಅವರು ಇಲ್ಲಿ ಮದುವೆಯಾದರು. ಇಲ್ಲಿನ ಹೆಂಗಸರು ಅವರ ಮಕ್ಕಳನ್ನು ಹೆತ್ತು, ಮಾತು ಕಲಿಸಿ, ಸಾಕಿದರು. ಅದಕ್ಕೆ ಸಾಕ್ಷಿ ನಮ್ಮ ನಾಲಿಗೆಯಲ್ಲೇ ಇದೆ. ಬ್ಯಾರಿ ಭಾಷೆಯು ಮಲೆಯಾಳಕ್ಕೆ ಹತ್ತಿರವಾದ, ತುಳುವಿನ ಗಾಳಿ ಬೀಸಿದ ದ್ರಾವಿಡ ಭಾಷೆ. ನವಾಯತಿಯು ಕೊಂಕಣಿಯ ಒಂದು ರೂಪ. ಅವುಗಳಲ್ಲಿ ಅರಬಿ, ಪಾರ್ಸಿ ಪದಗಳು ಸೇರಿಕೊಂಡಿವೆ, ಅಷ್ಟೆ. ತಂದೆ ಅರಬಿಯೇ ಆಗಿದ್ದರೂ ತೊಟ್ಟಿಲ ಬಳಿಯ ಮಾತು ತಾಯಿಯದಾಗಿತ್ತು. ಅದನ್ನೇ ಅಲ್ಲವೇ ನಾವು ಮಾತೃಭಾಷೆ ಎನ್ನುವುದು? ಬಂಟರು ಇಂದಿಗೂ ತಾಯಿಯ ಕಡೆಯಿಂದ 'ಬಳಿ'ಯನ್ನು ಗುರುತಿಸುವ ಈ ಅಳಿಯಕಟ್ಟಿನ ನಾಡಿನಲ್ಲಿ ಬಾಳುತ್ತಾ ಬಂದ ನಾವು ನಮ್ಮ ತಾಯಂದಿರನ್ನು ವಂಶಾವಳಿಯಿಂದ ಅಳಿಸಿದ್ದು ಎಂತಹ ಕೃತಘ್ನತೆ!

ಇನ್ನು ನಾವು ಹೊತ್ತು ಮೆರೆಯುವ ಹೆಸರುಗಳಾದರೂ ಏನನ್ನು ಹೇಳುತ್ತವೆ? ನವಾಯತರ 'ಶಾಬಂದ್ರಿ' ಎಂಬುದು ಬಂದರಿನ ಅಧಿಕಾರಿಯನ್ನು ಸೂಚಿಸುವ ಪಾರ್ಸಿ ಪದದಿಂದ ಬಂದದ್ದು. ಅದೊಂದು ಹುದ್ದೆ. 'ಇಕ್ಕೇರಿ' ಎಂಬುದು ಕೆಳದಿ ಅರಸರ ರಾಜಧಾನಿಯಾಗಿದ್ದ ಊರಿನ ಹೆಸರು. 'ಬ್ಯಾರಿ' ಎಂಬ ಪದವನ್ನು ಕೆಲವರು ಸಮುದ್ರ ಎಂಬರ್ಥದ ಅರಬಿಯ 'ಬಹ್ರ್' ಪದಕ್ಕೂ, ಕೆಲವರು ಮಲಬಾರಿಗೂ, ಇನ್ನು ಕೆಲವರು ತುಳುವಿನ 'ಬ್ಯಾರ'ಕ್ಕೂ ಜೋಡಿಸುತ್ತಾರೆ. ಬ್ಯಾರ ಎಂದರೆ ವ್ಯಾಪಾರ. ಅಂದರೆ ಹೆಸರು ಹೇಳುವುದು ದುಡಿಮೆಯನ್ನು, ಊರನ್ನು. ನಮ್ಮಲ್ಲಿ ಬಹಳಷ್ಟು ಮಂದಿಗೆ ಕುಲನಾಮವೆಂಬುದೇ ಇರಲಿಲ್ಲ, ತಂದೆಯ ಹೆಸರೋ ಊರಿನ ಹೆಸರೋ ಸಾಕಾಗುತ್ತಿತ್ತು. 2022ರ ನವೆಂಬರ್‌ನಲ್ಲಿ ಯುಎಇ ಸರಕಾರವು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲ ಎಂದಾಗ ಎಷ್ಟೋ ಕುಟುಂಬಗಳು ಆ ಖಾನೆಯನ್ನು ತುಂಬಲು ಪರದಾಡಬೇಕಾಯಿತು. ಅರಬರ ನಾಡಿನ ವಿಮಾನ ನಿಲ್ದಾಣದಲ್ಲಿ ನಮ್ಮ ಅರಬ್ ವಂಶವನ್ನು ಯಾರೂ ವಿಚಾರಿಸಲಿಲ್ಲ. ಅಲ್ಲಿ ನಾವು ಕೇವಲ ಭಾರತೀಯರು.

ವಂಶಾಭಿಮಾನಿಗಳು ಇಲ್ಲಿ 'ಕುಫು'ವಿನ ಮಾತೆತ್ತುತ್ತಾರೆ. ನಿಕಾಹ್‌ನಲ್ಲಿ ಸರಿಸಮಾನತೆಯನ್ನು ನೋಡಬೇಕೆಂಬ ಚರ್ಚೆ ಶಾಫಿಈ ಮತ್ತು ಹನಫೀ ಕರ್ಮಶಾಸ್ತ್ರ ಗ್ರಂಥಗಳಲ್ಲಿದೆ, ಅದರಲ್ಲಿ ವಂಶವೂ ಸೇರಿದೆ, ನಿಜ. ಆದರೆ ಇಮಾಮ್ ಮಾಲಿಕ್‌ರು ಧರ್ಮನಿಷ್ಠೆಗೇ ಪ್ರಾಧಾನ್ಯ ನೀಡಿದರೆಂಬುದನ್ನು ಇವರು ಹೇಳುವುದಿಲ್ಲ. ಕುಫು ಎಂಬುದು ಹೆಣ್ಣಿನ ಹಿತರಕ್ಷಣೆಗಾಗಿರುವ ಹಕ್ಕು, ಆಕೆಯೂ ಆಕೆಯ ವಲಿಯೂ ಒಪ್ಪಿದರೆ ನಿಕಾಹ್ ಸಿಂಧುವೆಂಬುದನ್ನೂ ಹೇಳುವುದಿಲ್ಲ. ಕುರೈಶ್ ಮನೆತನದ ಫಾತಿಮಾ ಬಿಂತ್ ಕೈಸ್‌ರಿಗೆ ಪ್ರವಾದಿ(ಸ)ಯವರು ಸೂಚಿಸಿದ ವರ ಯಾರು? ಬಿಡುಗಡೆಗೊಂಡ ಗುಲಾಮ ಝೈದ್‌ರ ಪುತ್ರ ಉಸಾಮಾ. ಅವರ ತಾಯಿ ಅಬಿಸೀನಿಯಾ ಮೂಲದ ಉಮ್ಮು ಐಮನ್. ಮೊದಲು ಮನಸ್ಸೊಪ್ಪದ ಫಾತಿಮಾ ಅನಂತರ ಆ ದಾಂಪತ್ಯದಲ್ಲಿ ಒಳಿತನ್ನೇ ಕಂಡರು. ಗೋತ್ರಗಳಿರುವುದು ಪರಸ್ಪರ ಗುರುತಿಸಲಿಕ್ಕಾಗಿ ಮಾತ್ರ, ಶ್ರೇಷ್ಠತೆ ಇರುವುದು ಧರ್ಮನಿಷ್ಠೆಯಲ್ಲಿ ಎಂಬುದು ಪವಿತ್ರ ಕುರ್‌ಆನಿನ ಸ್ಪಷ್ಟ ಬೋಧನೆ. ಅಷ್ಟೇಕೆ, ಕುರೈಶರ ವಂಶವೇ ಆರಂಭವಾಗುವುದು ಇಸ್ಮಾಈಲ್(ಅ)ರ ಮಾತೆ ಹಾಜರಾರಿಂದ. ಅವರು ಈಜಿಪ್ಟಿನಿಂದ ಬಂದ ದಾಸಿ, ಮಕ್ಕಾದ ಕಣಿವೆಗೆ ಪರದೇಶಿ. ಪ್ರತಿ ವರ್ಷ ಲಕ್ಷಾಂತರ ಹಾಜಿಗಳು ಸಫಾ ಮರ್ವಾಗಳ ನಡುವೆ ನಡೆಯುವುದು ಆ ತಾಯಿಯ ಹೆಜ್ಜೆಗಳ ಮೇಲೆ. ಅರಬ್ ರಕ್ತದ ಹೆಮ್ಮೆಯಲ್ಲಿ ಬೀಗುವವರು ಇದನ್ನು ಮರೆಯಬಾರದು.

ಒಂದು ನಾಡಿಗೆ ಸೇರಿದವರಾಗುವುದು ಹೇಗೆಂಬುದಕ್ಕೆ ಉಡುಪಿಯಲ್ಲೇ ಉತ್ತರವಿದೆ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇತರ ಸಮುದಾಯಗಳ ಗಣ್ಯರೊಂದಿಗೆ ಸೇರಿ ಸ್ಥಾಪಿಸಿದ ಬ್ಯಾಂಕು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ದೇಶದಾದ್ಯಂತ ಬೆಳೆಯಿತು. 2020ರಲ್ಲಿ ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಬ್ಯಾಂಕಿನ ಹೆಸರು ಅಳಿದರೂ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾರ ಹೆಸರು ಅಳಿದಿಲ್ಲ. ಅವರು ದಾನವಿತ್ತ ಜಾಗದಲ್ಲಿ ಇಂದಿಗೂ ಬಡ ತಾಯಂದಿರ ಹೆರಿಗೆಯಾಗುತ್ತದೆ. ಅವರ ಮುತ್ತಜ್ಜ ಯಾವ ಹಡಗಿನಲ್ಲಿ ಬಂದನೆಂದು ಅಲ್ಲಿ ಯಾರೂ ಕೇಳುವುದಿಲ್ಲ.

2027ರ ಜನಗಣತಿಯಲ್ಲಿ ಜಾತಿಯನ್ನೂ ಎಣಿಸಲು ಕೇಂದ್ರ ಸರಕಾರವು 2025ರ ಎಪ್ರಿಲ್ 30ರಂದು ತೀರ್ಮಾನಿಸಿತು. ಅಲ್ಲಿ ತಮ್ಮ ಪಂಗಡವನ್ನು ಮುಚ್ಚಿಡುವುದಾಗಲೀ ಮೇಲಿನ ಪಂಗಡದ ಹೆಸರನ್ನು ಎರವಲು ಪಡೆಯುವುದಾಗಲೀ ಬೇಡ. ಹಿಂದುಳಿದವರ ಲೆಕ್ಕ ಸಿಗದಿದ್ದರೆ ಅವರ ಪಾಲೂ ಸಿಗುವುದಿಲ್ಲ. 'ನಮ್ಮಲ್ಲಿ ಜಾತಿಯಿಲ್ಲ' ಎಂದು ವೇದಿಕೆಯಲ್ಲಿ ಘೋಷಿಸಿ ಮದುವೆ ಮಾತುಕತೆಯಲ್ಲಿ ಅದನ್ನೇ ಹುಡುಕುವವರ ಕಪಟವನ್ನು ಮುಗಿಸಬೇಕಾದುದು ಗಣತಿದಾರನಲ್ಲ, ನಾವು. ಜಮಾಅತ್‌ಗಳು ತಮ್ಮ ದಫ್ತರಗಳಲ್ಲಿ ತಂದೆಯ ಜೊತೆಗೆ ತಾಯಿಯ ಮತ್ತು ಅಜ್ಜಿಯರ ಹೆಸರುಗಳನ್ನೂ ಬರೆಯಲಿ. ಖತೀಬರು ವರದಕ್ಷಿಣೆಯನ್ನು ಖಂಡಿಸುವಷ್ಟೇ ಕಟುವಾಗಿ ವಂಶದ ಅಹಂಕಾರವನ್ನೂ ಖಂಡಿಸಲಿ. ಮಗಳಿಗೆ ಸಂಬಂಧ ಬಂದಾಗ ಹೆತ್ತವರು ಹುಡುಗನ ನಮಾಝನ್ನು, ನಡತೆಯನ್ನು, ದುಡಿಮೆಯನ್ನು ವಿಚಾರಿಸಲಿ. 'ನೀವು ಎಲ್ಲಿಂದ ಬಂದವರು' ಎಂದು ಪರಸ್ಪರ ಕೇಳುವುದನ್ನು ನಾವು ನಿಲ್ಲಿಸಿದ ದಿನ, ಅದೇ ಪ್ರಶ್ನೆಯನ್ನು ನಮಗೆ ಕೇಳುವವನ ಮುಂದೆ ತಲೆಯೆತ್ತಿ ನಿಲ್ಲುವ ನೈತಿಕ ಹಕ್ಕು ನಮ್ಮದಾಗುತ್ತದೆ.