ಬೆಟ್ಟ ಹತ್ತುವಾಗ ಮುಂದೆ ಯಾರಿರಬೇಕು?

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಮಾತಿನ ಅರ್ಥ ಪುಣೆಯ ಕಚೇರಿ ನೌಕರರಿಗೆ ಸಿಂಹಗಡದ ಏರಿನಲ್ಲಿ ಚೆನ್ನಾಗಿ ಮನವರಿಕೆಯಾಗುತ್ತದೆ. ಮಳೆಗಾಲ ಮುಗಿಯುತ್ತಲೇ ಒಂದು ರವಿವಾರ ಸಹೋದ್ಯೋಗಿಗಳೆಲ್ಲ ಕೂಡಿ ಗಡ ಹತ್ತುವ ರೂಢಿ ಅಲ್ಲಿ ಉಂಟು. ನಗರದಿಂದ ಸುಮಾರು 30 ಕಿಲೋಮೀಟರ್ ದೂರದ ಈ ಕೋಟೆ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿದೆ. ಆತಕರವಾಡಿಯಿಂದ ಹೊರಡುವ ಕಡಿದಾದ ಕಾಲುದಾರಿಯಲ್ಲಿ ನಿಂತು ಹಿಂತಿರುಗಿ ನೋಡಿದರೆ ಹಸುರು ಗುಡ್ಡಗಳಾಚೆ ಖಡಕ್‌ವಾಸ್ಲಾ ಜಲಾಶಯ ಹೊಳೆಯುತ್ತದೆ. 1670ರಲ್ಲಿ ತಾನಾಜಿ ಮಾಲುಸರೆ ಪ್ರಾಣವನ್ನೊಪ್ಪಿಸಿದ ಗಡವಿದು. ವಿಹಾರಕ್ಕೆ ಬಂದವರು ಮಾತ್ರ ಪ್ರಾಣವನ್ನು ಪಣಕ್ಕಿಡಬೇಕಾದ ಕಾರಣವಿಲ್ಲ.

ಆದರೆ ನಡೆಯುವುದೇನು? ಬುಡದಲ್ಲಿ ಒಟ್ಟಾಗಿ ಹೊರಟ ತಂಡ ಅರ್ಧ ಗಂಟೆಯೊಳಗೆ ಮೂರು ಪಾಲಾಗುತ್ತದೆ. ಯುವಕರು ಮುಂದೆ ಧಾವಿಸಿ, ಬಂಡೆಯ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತಾರೆ. ಹಿಂದುಳಿದವರು ಬಂದು ಮುಟ್ಟಿದೊಡನೆ ಎದ್ದು ಹೊರಡುತ್ತಾರೆ. ವಿಶ್ರಾಂತಿ ಅತ್ಯಗತ್ಯವಾದವರಿಗೇ ಅದು ದೊರೆಯದು. ಮೇಲಧಿಕಾರಿಯ ಎದುರಿಗೆ ಏದುಸಿರು ಬಿಡಲು ಐವತ್ತು ದಾಟಿದ ಗುಮಾಸ್ತರಿಗೆ ಸಂಕೋಚ. ರಕ್ತದೊತ್ತಡದ ಸಂಗತಿ ಬಯಲಾದರೆ ಬಡ್ತಿಗೆ ತೊಡಕಾದೀತೆಂಬ ಅಳುಕು. ಹೀಗೆ ಕಚೇರಿಯ ಅಂಜಿಕೆಯೂ ಅವರೊಡನೆ ಬೆಟ್ಟವೇರುತ್ತದೆ.

ಇದು ಆರೋಗ್ಯದ ಹಾದಿಯಲ್ಲ. ವರ್ಷವಿಡೀ ಕುರ್ಚಿಯಲ್ಲಿ ಕುಳಿತ ದೇಹ ಒಮ್ಮೆಲೇ ತೀವ್ರ ಶ್ರಮಕ್ಕೊಳಗಾದಾಗ ಹೃದಯಾಘಾತದ ಸಂಭವ ಹೆಚ್ಚುತ್ತದೆ. ವ್ಯಾಯಾಮದ ರೂಢಿಯುಳ್ಳವರಲ್ಲಿ ಆ ಅಪಾಯ ಬಹಳ ಕಡಿಮೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ವಾರವಾರವೂ ಸಲ್ಲಬೇಕಾದುದನ್ನು ವರ್ಷದ ಒಂದೇ ರವಿವಾರದಲ್ಲಿ ತೀರಿಸಲಾಗದು. ಆದುದರಿಂದ ಕೆಲವು ವಾರಗಳ ಮೊದಲಿನಿಂದಲೇ ಬಿರುಸು ನಡಿಗೆಯನ್ನೂ ಮೆಟ್ಟಿಲೇರುವುದನ್ನೂ ರೂಢಿಸಿಕೊಳ್ಳಬೇಕು. ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳುಳ್ಳವರು ವೈದ್ಯರ ಸಲಹೆ ಪಡೆಯಬೇಕು. ಏರುವಾಗ ಪಕ್ಕದವರೊಡನೆ ಮಾತನಾಡಲು ಉಸಿರು ಸಾಲದಾದರೆ ವೇಗ ಮಿತಿಮೀರಿದೆ ಎಂದೇ ತಿಳಿಯಬೇಕು. ಎದೆ ಬಿಗಿತ, ತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು ಕಂಡರೆ ವಾಯುವೆಂದು ತಳ್ಳಿಹಾಕದೆ ಅಲ್ಲೇ ನಿಂತು, ಸಂಗಡಿಗರಿಗೆ ತಿಳಿಸಿ, ತಡಮಾಡದೆ ವೈದ್ಯಕೀಯ ನೆರವು ಪಡೆಯಬೇಕು.

ನಿಧಾನಿಗಳಿಗಾಗಿ ಚುರುಕಿನವರ ಉಲ್ಲಾಸವೇಕೆ ಕುಗ್ಗಬೇಕು ಎಂದು ಕೇಳುವವರುಂಟು. ಚುರುಕಿನವರಿಗೆ ವರ್ಷದ ಉಳಿದ ರವಿವಾರಗಳೆಲ್ಲ ಇವೆ. ಕಚೇರಿಯ ಹೆಸರಿನಲ್ಲಿ ಹೊರಟ ನಡಿಗೆ ಕಚೇರಿಯವರೆಲ್ಲರದು. ಅಂದು ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದಿರಲಿ. ಮೇಲಧಿಕಾರಿ ಎಲ್ಲರ ಹಿಂದೆ ಬರಲಿ. ತಮ್ಮನ್ನು ದಾಟಿ ಹೋಗದ ಅಧಿಕಾರಿಯ ಮುಂದೆ ನಿಂತು ಸುಧಾರಿಸಿಕೊಳ್ಳಲು ಯಾರಿಗೂ ನಾಚಿಕೆಯಾಗದು. ಹತ್ತಲಾರದವರಿಗೆ ಮೋಟಾರು ರಸ್ತೆಯೂ ಇದೆ. ಅದರಲ್ಲಿ ಬಂದವರನ್ನು ಯಾರೂ ಹಂಗಿಸದಿರಲಿ.

ಗಡದ ಮೇಲೆ ಪಿಠಲ-ಭಾಕರಿಯೂ ಕುಡಿಕೆಯ ಮೊಸರೂ ಸಿಗುತ್ತವೆ. ಧಾರವಾಡ, ವಿಜಯಪುರಗಳಿಂದ ಬಂದು ನೆಲೆಸಿದವರಿಗೆ ಅದು ತವರಿನ ಝುಣಕ-ರೊಟ್ಟಿಯ ನೆನಪು ತರುವ ಊಟ. ಹೊರಟವರೆಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಅದನ್ನು ಉಂಡರೆ ಆ ದಿನದ ಪ್ರಯಾಣ ಸಾರ್ಥಕ.