ಬಿಳಿ ಕಡೆ, ಕೆಂಪು ಕಡೆ

ಬೆನ್ನಿಗೆ ಚೀಲ ಏರಿಸಿಕೊಂಡು ದೇಶ ಸುತ್ತುವುದು ಇಪ್ಪತ್ತರ ಹುಡುಗರ ಕೆಲಸ. ಐವತ್ತೈದು ದಾಟಿದವರು ಅದಕ್ಕೆ ಹೊರಟರೆ ಮನೆಯವರು ಮೊದಲು ನಗುತ್ತಾರೆ, ಆಮೇಲೆ ಬಿ.ಪಿ. ಮಾತ್ರೆ ಇಟ್ಟುಕೊಂಡಿರಾ ಎಂದು ಕೇಳುತ್ತಾರೆ. ನಗುವಿಗೂ ಮಾತ್ರೆಗೂ ಸಿದ್ಧರಾಗಿಯೇ ನಾವು ನಾಲ್ವರು ಗೆಳೆಯರು ಒಂದು ಜನವರಿಯ ಕೊನೆಯಲ್ಲಿ ಲಾವೋಸ್ ದೇಶದ ಬೆಟ್ಟಗಳಿಗೆ ಹೊರಟೆವು.

ಈ ಅಂಕಣದ ಓದುಗರಿಗೆ ನನ್ನ ಜೊತೆಗಾರರು ಹೊಸಬರಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರು. ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದು ಈಗ ನಮ್ಮೆಲ್ಲರ ಖರ್ಚಿನ ಲೆಕ್ಕ ಬರೆಯುವ ಗೆಳೆಯ. ಶಿರಸಿ ಕಡೆಯ ಅಡಿಕೆ ತೋಟದ ಗೆಳೆಯ. ಲಾವೋಸ್ ಯಾಕೆ ಎಂದು ಕೇಳಿದರೆ ಮೇಷ್ಟ್ರ ಉತ್ತರ ಒಂದೇ: "ಆಗ್ನೇಯ ಏಷ್ಯಾದಲ್ಲಿ ಸಮುದ್ರವಿಲ್ಲದ ಏಕೈಕ ದೇಶ ಯಾವುದು ಎಂದು ಮೂವತ್ತು ವರ್ಷ ಮಕ್ಕಳನ್ನು ಕೇಳಿದ್ದೇನೆ. ಒಮ್ಮೆ ನಾನೂ ಹೋಗಿ ನೋಡಬೇಡವೇ?"

ಬ್ಯಾಂಕಾಕಿನಿಂದ ಲುವಾಂಗ್ ಪ್ರಬಾಂಗ್‌ಗೆ ಹಾರಿದೆವು. ಮೆಕಾಂಗ್ ನದಿಯ ದಂಡೆಯ ಈ ಹಳೆಯ ರಾಜಧಾನಿ 1995ರಲ್ಲೇ ಯುನೆಸ್ಕೋದ ಪಟ್ಟಿಗೆ ಸೇರಿದೆ. ನಸುಕಿನಲ್ಲಿ ಕಾವಿ ತೊಟ್ಟ ಭಿಕ್ಷುಗಳು ಸಾಲಾಗಿ ಬರುತ್ತಾರೆ, ಮನೆಯವರು ಬೀದಿಬದಿ ಮಂಡಿಯೂರಿ ಒಂದೊಂದು ತುತ್ತು ಅನ್ನವನ್ನು ಅವರ ಪಾತ್ರೆಗೆ ಹಾಕುತ್ತಾರೆ. ಅಲ್ಲಿಯ ಅನ್ನ ನಮ್ಮದರಂತೆ ಉದುರು ಉದುರಲ್ಲ, ಹಬೆಯಲ್ಲಿ ಬೆಂದ ಅಂಟು ಅಕ್ಕಿ. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಬರುತ್ತದೆ. ಬೆರಳಲ್ಲಿ ಉಂಡೆ ಕಟ್ಟಿ, ವ್ಯಂಜನಕ್ಕೆ ಅದ್ದಿ ತಿನ್ನಬೇಕು. ಕೈಯಲ್ಲಿ ಉಣ್ಣುವ ದೇಶ ಸಿಕ್ಕಿತೆಂದು ನಾವು ಖುಷಿಪಟ್ಟೆವು. ಮೀನಿನ ರಸವಿಲ್ಲದ ವ್ಯಂಜನ ಹುಡುಕುವುದು ಮಾತ್ರ ಕಷ್ಟವಾಯಿತು. ಪರಂಗಿಕಾಯಿ ಕೋಸಂಬರಿಯಲ್ಲೂ ಅದು ಇರುತ್ತದೆ. ತೋಟದ ಗೆಳೆಯ ತಂದಿದ್ದ ಚಟ್ನಿಪುಡಿ ಆ ಹತ್ತು ದಿನ ನಮ್ಮ ಪಾಲಿನ ಅನ್ನಪೂರ್ಣೆ.

ಲುವಾಂಗ್ ಪ್ರಬಾಂಗ್‌ನಿಂದ ರಾಜಧಾನಿ ವಿಯೆಂಟಿಯಾನ್‌ಗೆ 2021ರ ಡಿಸೆಂಬರ್‌ನಿಂದ ರೈಲಿದೆ. ಚೀನಾದ ಗಡಿಯಿಂದ ಇಳಿದು ಬರುವ ಆ ರೈಲಿನಲ್ಲಿ ಎರಡು ಗಂಟೆಯ ದಾರಿ. ಆದರೆ ಹಳಿಯ ಹೆಚ್ಚುಕಡಿಮೆ ಅರ್ಧ ಭಾಗ ಸುರಂಗ. "ಬೆಟ್ಟ ನೋಡಲು ಬಂದವರು ಬೆಟ್ಟದ ಹೊಟ್ಟೆಯೊಳಗೆ ಹೊಕ್ಕು ಏನು ನೋಡುವುದು?" ಎಂದರು ಮೇಷ್ಟ್ರು. ಹಾಗಾಗಿ ವ್ಯಾನ್ ಒಂದನ್ನು ಬಾಡಿಗೆಗೆ ಹಿಡಿದು, 13ನೇ ಹೆದ್ದಾರಿಯಲ್ಲಿ ಫು ಖೂನ್ ಎಂಬ ಬೆಟ್ಟದ ಕೂಡುರಸ್ತೆಯವರೆಗೆ ಹೋಗಿ, ಅಲ್ಲಿಂದ 7ನೇ ಹೆದ್ದಾರಿಯಲ್ಲಿ ಪೂರ್ವಕ್ಕೆ ತಿರುಗಿ, ಸಿಯೆಂಗ್ ಖುವಾಂಗ್ ಪ್ರಾಂತ್ಯದ ಫೋನ್ಸವಾನ್ ಪೇಟೆ ಸೇರುವುದೆಂದು ನಿರ್ಧಾರವಾಯಿತು. ಸುಮಾರು 260 ಕಿಲೋಮೀಟರು. ನಮ್ಮ ಘಾಟಿ ರಸ್ತೆಗಳನ್ನೆಲ್ಲ ಒಂದರ ತುದಿಗೆ ಒಂದು ಕಟ್ಟಿದಂತಹ ದಾರಿ.

ವ್ಯಾನಿನ ಚಾಲಕ ನಮ್ಮ ವಯಸ್ಸಿನವನೇ. ಅವನನ್ನು ನಾವು 'ಆಯ್' ಎಂದು ಕರೆಯುತ್ತಿದ್ದೆವು. ಲಾವೊ ಭಾಷೆಯಲ್ಲಿ ಅಣ್ಣ ಎಂದರ್ಥ. ಅವನ ಇಂಗ್ಲಿಷು ನಮ್ಮ ಲಾವೊದಷ್ಟೇ ಇದ್ದುದರಿಂದ ಮಾತು ಸಲೀಸಾಗಿ ಸಾಗುತ್ತಿತ್ತು. ಅವನ ಬಾಯಲ್ಲಿ ಸದಾ ಒಂದು ಮಾತು: 'ಬೋ ಪೆನ್ ನ್ಯಾಂಗ್'. ಪರವಾಗಿಲ್ಲ ಬಿಡಿ, ಏನೂ ಆಗಲಿಲ್ಲ ಎಂದು ಅದರ ತಾತ್ಪರ್ಯ. ಬ್ಯಾಂಕಿನವನು ಬೆಳಿಗ್ಗೆ ಮುಕ್ಕಾಲು ಗಂಟೆ ತಡಮಾಡಿದ, ಬೋ ಪೆನ್ ನ್ಯಾಂಗ್. ಮೇಷ್ಟ್ರು ಅವನ ಸೀಟಿನ ಮೇಲೆ ಕಾಫಿ ಚೆಲ್ಲಿದರು, ಬೋ ಪೆನ್ ನ್ಯಾಂಗ್. ಈ ದೇಶದ ಹೆಸರಿನ ಕೊನೆಗೆ ಬರುವ ಪಿ.ಡಿ.ಆರ್. ಎಂಬ ಮೂರಕ್ಷರಕ್ಕೆ 'ಪ್ಲೀಸ್ ಡೋಂಟ್ ರಶ್' ಎಂದು ಪ್ರವಾಸಿಗರು ತಮಾಷೆ ಮಾಡುವುದುಂಟು. ನಮ್ಮ ಆಯ್ ಅದಕ್ಕೆ ಸಾಕ್ಷಿಯಂತಿದ್ದ.

ದಾರಿ ಬೆಟ್ಟದ ನೆತ್ತಿಯ ಮೇಲೇ ಸಾಗುತ್ತದೆ. ಖ್ಮು ಮತ್ತು ಹ್ಮಾಂಗ್ ಜನರ ಹಳ್ಳಿಗಳು ರಸ್ತೆಗೆ ಅಂಟಿಕೊಂಡಿವೆ. ಮನೆಯ ಮುಂಬಾಗಿಲು ಡಾಂಬರಿಗೆ, ಹಿತ್ತಿಲು ಪ್ರಪಾತಕ್ಕೆ. ಅದು ಪೊರಕೆ ಹುಲ್ಲಿನ ಕಾಲ. ಕಾಡಿನಿಂದ ಕೊಯ್ದು ತಂದ ಹುಲ್ಲಿನ ತೆನೆಗಳನ್ನು ರಸ್ತೆಯ ಅಂಚಿನುದ್ದಕ್ಕೂ ಹರವಿ ಒಣಗಿಸಿದ್ದರು. ಒಂದು ಚಹಾದಂಗಡಿಯ ಮುಂದೆ ಎಲೆಯಡಿಕೆ ಮೆಲ್ಲುತ್ತಿದ್ದ ಅಜ್ಜಿಯೊಬ್ಬಳನ್ನು ಕಂಡು ನಮ್ಮ ತೋಟದವನು ತನ್ನ ಡಬ್ಬಿ ತೆಗೆದ. ಅವಳು ನಮ್ಮ ಅಡಿಕೆ ಕಡಿದು ನೋಡಿದಳು, ತಲೆದೂಗಿದಳು. ಭಾಷೆ ಬೇಕಾಗಲಿಲ್ಲ.

ಫು ಖೂನ್ ದಾಟಿ, ಬೆಟ್ಟ ಇಳಿದು, ಹುಲ್ಲುಗಾವಲು ಮತ್ತು ಪೈನ್ ಮರಗಳ ಸೀಮೆ ಶುರುವಾದ ಮೇಲೆ ಚಕ್ರ ಪಂಕ್ಚರ್ ಆಯಿತು. 'ಬೋ ಪೆನ್ ನ್ಯಾಂಗ್' ಎನ್ನುತ್ತಾ ಆಯ್ ಜಾಕ್ ತೆಗೆದ. ನಾವು ಇಳಿದು ಸೊಂಟ ನೀವಿಕೊಂಡೆವು. ತೋಟದ ಗೆಳೆಯನ ಕಣ್ಣು ಎಲ್ಲಿ ಹೋದರೂ ನೆಲದ ಮೇಲೆ, ಗಿಡದ ಮೇಲೆ. ರಸ್ತೆಯಿಂದ ಇಪ್ಪತ್ತು ಮಾರು ಕೆಳಗೆ, ಹಳ್ಳದ ನೆರಳಲ್ಲಿ, ಏಲಕ್ಕಿ ಜಾತಿಯದೇ ಯಾವುದೋ ಗಿಡ ಅವನಿಗೆ ಕಂಡಿತು. "ಇದನ್ನೊಮ್ಮೆ ನೋಡಿ ಬರುತ್ತೇನೆ ಮಾರಾಯಾ" ಎಂದವನು ಹುಲ್ಲಿನ ನಡುವೆ ಇಳಿದೇಬಿಟ್ಟ.

ಆಗ ಆಯ್ ಕೂಗಿದ ಕೂಗು ನನಗೆ ಈಗಲೂ ಕಿವಿಯಲ್ಲಿದೆ. ಸ್ಪ್ಯಾನರ್ ಎಸೆದು ರಸ್ತೆಯಂಚಿಗೆ ಓಡಿ ಬಂದ. ಮುಖ ಬಿಳಿಚಿಕೊಂಡಿತ್ತು. ನಿಲ್ಲು, ಅಲ್ಲಾಡಬೇಡ ಎಂದು ಎರಡೂ ಕೈ ಎತ್ತಿ ತೋರಿಸಿದ. ಆಮೇಲೆ ತನ್ನ ಪಾದವನ್ನೇ ಎತ್ತಿ, ಹಿಂದಿಟ್ಟು, ಹೋದ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ವಾಪಸು ಬಾ ಎಂದು ಅಭಿನಯಿಸಿದ. ಗೆಳೆಯ ಹಿಂದಿರುಗಿ, ತುಳಿದು ಬಾಗಿದ ಹುಲ್ಲನ್ನು ನೋಡಿ ನೋಡಿ ಒಂದೊಂದೇ ಹೆಜ್ಜೆ ಹತ್ತಿ ಬಂದ. ಇಳಿಯುವಾಗ ಅರ್ಧ ನಿಮಿಷವೂ ಆಗಿರಲಿಲ್ಲ. ಹತ್ತುವಾಗ ಐದು ನಿಮಿಷವಾಗಿರಬೇಕು. ನಾವು ಮೂವರು ಉಸಿರು ಬಿಡಲಿಲ್ಲ.

ಅವನು ಡಾಂಬರಿಗೆ ಕಾಲಿಟ್ಟ ಮೇಲೆ ಆಯ್ ತನ್ನ ಅಂಗೈಯನ್ನು ಟೆನಿಸ್ ಚೆಂಡು ಹಿಡಿದಂತೆ ಮಡಚಿ ತೋರಿಸಿ ಒಂದೇ ಮಾತು ಹೇಳಿದ: "ಬೊಂಬಿ." ಆ ಹೊತ್ತು ಅವನು ಬೋ ಪೆನ್ ನ್ಯಾಂಗ್ ಎನ್ನಲಿಲ್ಲ.

ಅದರ ಅರ್ಥ ಮರುದಿನ ಫೋನ್ಸವಾನ್ ಪೇಟೆಯ ಮಾಹಿತಿ ಕೇಂದ್ರದಲ್ಲಿ ಪೂರ್ತಿಯಾಗಿ ತಿಳಿಯಿತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1964ರಿಂದ 1973ರವರೆಗೆ, ಅಮೆರಿಕದ ವಿಮಾನಗಳು ಲಾವೋಸ್ ಮೇಲೆ 5,80,000 ಸಲ ದಾಳಿಗೆ ಹಾರಿದವು. ಸುರಿದ ಬಾಂಬು 20 ಲಕ್ಷ ಟನ್ನಿಗೂ ಹೆಚ್ಚು. ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲಿ ಇಷ್ಟು ಬಾಂಬು ತಿಂದ ದೇಶ ಇನ್ನೊಂದಿಲ್ಲ. ಸೋಜಿಗವೆಂದರೆ, ಲಾವೋಸ್ ತಟಸ್ಥ ದೇಶವೆಂದು 1962ರಲ್ಲಿ ಜಿನೀವಾದಲ್ಲಿ ಒಪ್ಪಂದವಾಗಿತ್ತು, ಅಮೆರಿಕವೂ ಅದಕ್ಕೆ ಸಹಿ ಹಾಕಿತ್ತು. ಆದ್ದರಿಂದ ಈ ಯುದ್ಧವನ್ನು ಗುಟ್ಟಾಗಿ ನಡೆಸಲಾಯಿತು. ದಕ್ಷಿಣದಲ್ಲಿ ಹೋ ಚಿ ಮಿನ್ ಹಾದಿಯನ್ನು ಮುರಿಯಲು, ಉತ್ತರದಲ್ಲಿ ಪಾಥೆಟ್ ಲಾವೊ ಕಮ್ಯುನಿಸ್ಟರನ್ನು ಮಣಿಸಲು. ಸಿಯೆಂಗ್ ಖುವಾಂಗ್ ಈ ಎರಡನೆಯ ಕಾಳಗದ ನಟ್ಟನಡುವೆ ಇತ್ತು.

ಬ್ಯಾಂಕಿನವನು ಊಟದ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದ. ಒಂಬತ್ತು ವರ್ಷಕ್ಕೆ ಎಷ್ಟು ನಿಮಿಷ, ಅದನ್ನು ದಾಳಿಗಳ ಸಂಖ್ಯೆಯಿಂದ ಭಾಗಿಸಿದರೆ ಎಷ್ಟು. ಎರಡು ಸಲ ಮಾಡಿ ನೋಡಿದ. "ಎಂಟು ನಿಮಿಷಕ್ಕೊಂದು" ಎಂದ. "ಹಗಲೂ ರಾತ್ರಿ, ಒಂಬತ್ತು ವರ್ಷ." ಆಮೇಲೆ ಆ ಬಿಲ್ಲನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. ಆ ದಿನ ಕಿಪ್ ಲೆಕ್ಕ ಬರೆಯಲಿಲ್ಲ.

ಇನ್ನು ಬೊಂಬಿಯ ವಿಷಯ. ಕ್ಲಸ್ಟರ್ ಬಾಂಬೆಂದರೆ ದೊಡ್ಡ ಕೋಶ. ಆಕಾಶದಲ್ಲಿ ಅದು ಬಾಯಿ ಬಿಟ್ಟರೆ ನೂರಾರು ಪುಟ್ಟ ಬಾಂಬುಗಳು ಬೀಜ ಬಿತ್ತಿದಂತೆ ಚೆಲ್ಲುತ್ತವೆ. ಲಾವೊ ಜನ ಇವನ್ನೇ 'ಬೊಂಬಿ' ಎನ್ನುವುದು. ಹೀಗೆ ಬಿದ್ದವು 27 ಕೋಟಿ. ಅವುಗಳಲ್ಲಿ ನೂರಕ್ಕೆ ಮೂವತ್ತರಷ್ಟು, ಅಂದರೆ ಸುಮಾರು 8 ಕೋಟಿ, ಸಿಡಿಯದೆ ಮಣ್ಣು ಸೇರಿದವು. ಈವರೆಗೆ ತೆಗೆದು ನಾಶಮಾಡಲು ಆಗಿರುವುದು ಅದರಲ್ಲಿ ಅಲ್ಪ ಭಾಗ. ಯುದ್ಧ ಮುಗಿದ ಮೇಲೆ ಇವಕ್ಕೆ ಸಿಕ್ಕಿ ಸತ್ತವರು ಮತ್ತು ಗಾಯಗೊಂಡವರೇ ಇಪ್ಪತ್ತು ಸಾವಿರ. ಆಟದ ಚೆಂಡೆಂದು ಎತ್ತಿಕೊಂಡ ಮಕ್ಕಳು ಅವರಲ್ಲಿ ಬಹಳ. ಅಂಗಳದಲ್ಲಿ ಒಲೆ ಹೂಡಿ ಬೆಂಕಿ ಹಾಕಿದರೆ, ಬಿಸಿಗೆ ನೆಲದಡಿಯ ಬೊಂಬಿ ಸಿಡಿದದ್ದೂ ಇದೆ.

ಫೋನ್ಸವಾನ್‌ಗೆ ಪ್ರವಾಸಿಗರು ಬರುವುದು ಭರಣಿಗಳ ಬಯಲು ನೋಡಲು. ಆಳೆತ್ತರದ ಕಲ್ಲಿನ ಭರಣಿಗಳು ಗುಡ್ಡದ ಮೇಲೆ ನೂರಾರು ಬಿದ್ದುಕೊಂಡಿವೆ. ಎರಡು ಸಾವಿರ ವರ್ಷಕ್ಕೂ ಹಳೆಯವು. ದೈತ್ಯರ ಅರಸನೊಬ್ಬ ಯುದ್ಧ ಗೆದ್ದು, ಸೈನ್ಯಕ್ಕೆಲ್ಲ ಹೆಂಡ ಕಾಯಿಸಲು ಇವನ್ನು ಮಾಡಿಸಿದನೆಂದು ಸ್ಥಳೀಯರ ಕಥೆ. 1930ರ ದಶಕದಲ್ಲಿ ಫ್ರಾನ್ಸಿನ ಮದಲೆನ್ ಕೊಲಾನಿ ಎಂಬ ವಿದುಷಿ ಇಲ್ಲಿ ಅಗೆದು ನೋಡಿ, ಇವು ಶವಸಂಸ್ಕಾರಕ್ಕೆ ಸಂಬಂಧಿಸಿದವು ಎಂದರು. 2019ರಲ್ಲಿ ಯುನೆಸ್ಕೋ ಮಾನ್ಯತೆಯೂ ಸಿಕ್ಕಿತು. ಆದರೆ ನಾವು ಭರಣಿಗಳಿಗಿಂತ ನೆಲವನ್ನೇ ಹೆಚ್ಚು ನೋಡಿದೆವು. ನೆಲದಲ್ಲಿ ಅಲ್ಲಲ್ಲಿ ಸಣ್ಣ ಗುರುತಿನ ಕಲ್ಲುಗಳನ್ನು ಹುಗಿದಿದ್ದಾರೆ. ಒಂದು ಬದಿ ಬಿಳಿ ಬಣ್ಣ, ಇನ್ನೊಂದು ಬದಿ ಕೆಂಪು. ಬಿಳಿ ಕಡೆ ಮಣ್ಣಿನಡಿಯವರೆಗೂ ಬಾಂಬು ಶೋಧಿಸಿ ತೆಗೆದದ್ದು. ಕೆಂಪು ಕಡೆ ಹಾಗಲ್ಲ. ಕೆಂಪು ಕಡೆಯ ಹುಲ್ಲೂ ಅಷ್ಟೇ ಹಸಿರು, ಅಲ್ಲಿಯೂ ಹೂವು ಬಿಟ್ಟಿತ್ತು. ತೋಟದ ಗೆಳೆಯ ಬಹಳ ಹೊತ್ತು ಒಂದು ಕಲ್ಲಿನ ಪಕ್ಕ ನಿಂತ. ಆಮೇಲೆ ಕೇಳಿದ: "ನಾವಾದರೆ ಬಿಳಿ ಕಡೆ ನಡೆದು ಬಸ್ಸು ಹತ್ತಿ ಹೋಗುತ್ತೇವೆ. ಗದ್ದೆ ಇರುವವನು ಏನು ಮಾಡುತ್ತಾನೆ? ಅವನು ಅಗೆಯಲೇಬೇಕಲ್ಲ?"

ಮೇಷ್ಟ್ರ ಬಳಿಯೂ ಉತ್ತರವಿರಲಿಲ್ಲ. ಆಯ್‌ಗೆ ಕೇಳಿದೆವು. ಅವನು ಗುದ್ದಲಿ ಹಿಡಿದಂತೆ ಕೈ ಮಾಡಿ, ಮೆಲ್ಲಗೆ, ಬೆರಳ ತುದಿಯಷ್ಟೇ ಮಣ್ಣು ಕೆರೆದು ತೋರಿಸಿದ. ಮೇಲೆ ಮೇಲೆ ಅಗೆಯುತ್ತಾರೆ, ಆಳಕ್ಕೆ ಹೋಗುವುದಿಲ್ಲ. ಕೆಲವು ಹೊಲಗಳನ್ನು ಬಿಟ್ಟೇಬಿಟ್ಟಿದ್ದಾರೆ. ಬೇರೆ ಹೊಲವಿಲ್ಲದವರು ಬಿಟ್ಟಿಲ್ಲ.

ಅಲ್ಲಿಂದ ನಾಪಿಯಾ ಎಂಬ ಹಳ್ಳಿಗೆ ಹೋದೆವು. ಬಾಂಬಿನ ಕೋಶಗಳನ್ನು ಬೇಲಿಗಂಬ ಮಾಡಿ ನಿಲ್ಲಿಸಿದ್ದರು, ಒಂದರಲ್ಲಿ ಈರುಳ್ಳಿ ಸಸಿ ಬೆಳೆಸಿದ್ದರು. ಆ ಊರಿನವರು ಯುದ್ಧದ ಅಲ್ಯೂಮಿನಿಯಂ ಕರಗಿಸಿ, ಅಚ್ಚಿಗೆ ಹೊಯ್ದು, ಚಮಚ ಮಾಡುತ್ತಾರೆ. ಕೊಳ್ಳಬೇಕೋ ಬೇಡವೋ ಎಂದು ನಮ್ಮಲ್ಲೇ ಜಗಳವಾಯಿತು. ನಾವು ಕೊಂಡರೆ ಇನ್ನಷ್ಟು ಗುಜರಿ ಹುಡುಕಲು ಯಾರೋ ಕೆಂಪು ಕಡೆಗೆ ಹೋಗುತ್ತಾರೆ ಎಂದರು ಮೇಷ್ಟ್ರು. ಕೊಳ್ಳದಿದ್ದರೆ ಈ ಮನೆಯ ಒಲೆ ಉರಿಯುವುದು ಹೇಗೆ ಎಂದ ಬ್ಯಾಂಕಿನವನು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಕೊನೆಗೆ ನಾಲ್ಕು ಚಮಚ ಕೊಂಡೆವು. ಸರಿಯೋ ತಪ್ಪೋ, ಇವತ್ತಿಗೂ ತೀರ್ಮಾನವಾಗಿಲ್ಲ.

ನೆಲ ಶೋಧಿಸುವ ಕೆಲಸವೂ ನಡೆದಿದೆ. 1994ರಿಂದ ಅಲ್ಲಿ ತಂಡಗಳು ದುಡಿಯುತ್ತಿವೆ. ಬರಿಯ ಹೆಂಗಸರ ತಂಡಗಳೂ ಇವೆ. ಹಗ್ಗ ಹಿಡಿದು ಹೊಲವನ್ನು ಪಟ್ಟಿ ಪಟ್ಟಿಯಾಗಿ ಭಾಗಮಾಡಿ, ಯಂತ್ರ ಕೂಗಿದಲ್ಲೆಲ್ಲ ಕೈಯಿಂದ ಮಣ್ಣು ಬಿಡಿಸಿ ನೋಡುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಬರಿಯ ಕಬ್ಬಿಣದ ಚೂರು ಇರಬಹುದು. ಹತ್ತನೆಯದಕ್ಕಾಗಿ ಒಂಬತ್ತನ್ನೂ ಅಷ್ಟೇ ಜೋಪಾನವಾಗಿ ತೆಗೆಯಬೇಕು. 2016ರಲ್ಲಿ ಅಧ್ಯಕ್ಷ ಒಬಾಮ ಲಾವೋಸ್‌ಗೆ ಬಂದರು. ಅಧಿಕಾರದಲ್ಲಿರುವಾಗ ಅಲ್ಲಿಗೆ ಹೋದ ಮೊದಲ ಅಮೆರಿಕನ್ ಅಧ್ಯಕ್ಷ ಅವರೇ. ಮೂರು ವರ್ಷಕ್ಕೆ 9 ಕೋಟಿ ಡಾಲರ್ ಕೊಡುವುದಾಗಿ ಹೇಳಿದರು. ಕ್ಲಸ್ಟರ್ ಬಾಂಬುಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2010ರಲ್ಲಿ ಜಾರಿಗೆ ಬಂತು. ಅದರ ಸದಸ್ಯ ದೇಶಗಳು ಮೊದಲ ಸಭೆ ಸೇರಿದ್ದು ವಿಯೆಂಟಿಯಾನ್‌ನಲ್ಲೇ. ಅಮೆರಿಕ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ ಎಂದು ಮೇಷ್ಟ್ರು ಸಿಟ್ಟಾದರು. ನಮ್ಮ ದೇಶವೂ ಹಾಕಿಲ್ಲ ಎಂದು ಗೊತ್ತಾದ ಮೇಲೆ ಸುಮ್ಮನಾದರು.

ಬೀಳ್ಕೊಡುವಾಗ ತೋಟದ ಗೆಳೆಯ ಆಯ್‌ನ ಕೈ ಹಿಡಿದುಕೊಂಡು, ಅಂದು ನಾನು ನಿನಗೆ ತೊಂದರೆ ಕೊಟ್ಟೆ ಎಂದು ಕನ್ನಡದಲ್ಲೇ ಹೇಳಿದ. ಆಯ್‌ಗೆ ಹೇಗೆ ಅರ್ಥವಾಯಿತೋ, ಅವನ ಭುಜ ತಟ್ಟಿ ನಕ್ಕ. "ಬೋ ಪೆನ್ ನ್ಯಾಂಗ್."

ಊರಿಗೆ ಬಂದು ನಾಲ್ಕೈದು ತಿಂಗಳಾಗಿತ್ತು. ಮಳೆ ಹಿಡಿದಿತ್ತು. ಒಂದು ಸಂಜೆ ತೋಟದ ಗೆಳೆಯ ಫೋನ್ ಮಾಡಿದ. ಹೊಸ ಅಡಿಕೆ ಸಸಿ ನೆಡಲು ಗುಂಡಿ ತೆಗೆಸುತ್ತಿದ್ದೆ ಎಂದ. ಏನು ವಿಶೇಷ ಎಂದು ಕೇಳಿದೆ.

"ವಿಶೇಷ ಎಂಥದೂ ಇಲ್ಲ ಮಾರಾಯಾ. ಇವತ್ತು ಇನ್ನೂರು ಗುಂಡಿ ತೆಗೆದೆವು. ಎರಡಡಿ ಆಳ, ಒಂದೇ ಸಮನೆ ಗುದ್ದಲಿ ಹಾಕಿದ್ದು. ಏನೂ ಆಗಲಿಲ್ಲ. ಅದನ್ನೇ ಹೇಳೋಣ ಅಂತ ಫೋನ್ ಮಾಡಿದೆ."