ದೂರು ಕೊಡದವಳಿಗೆ ಪರಿಹಾರವಿಲ್ಲವೇ?

‘ಆದದ್ದು ಆಗಿಹೋಯ್ತು. ಈಗ ಸ್ಟೇಷನ್ನಿಗೆ ಹೋಗಿ ಊರಿಗೆಲ್ಲ ಡಂಗುರ ಸಾರೋದಾ? ನಾಳೆ ತಂಗಿ ಮದುವೆ ಆಗೋದು ಬೇಡ್ವಾ?’

ಅತ್ಯಾಚಾರದ ಸುದ್ದಿ ಓದಿದಾಗಲೆಲ್ಲ ನಾವು ಕೇಳುವ ಮೊದಲ ಪ್ರಶ್ನೆ, ‘ಅವಳು ಯಾಕೆ ಆಗಲೇ ಹೇಳಲಿಲ್ಲ?’ ಎಂಬುದು. ಉತ್ತರ ಮೇಲಿನ ಮಾತಿನಲ್ಲೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ಯಾರದಾದರೂ ಸಹಾಯ ಕೇಳಿದವರು ಶೇಕಡ 14 ಮಾತ್ರ. ಶೇಕಡ 77 ಮಂದಿ ಸಹಾಯ ಕೇಳುವುದಿರಲಿ, ಯಾರ ಹತ್ತಿರವೂ ಬಾಯಿಯನ್ನೇ ಬಿಟ್ಟಿಲ್ಲ. ತಾಯಿಗೂ ಇಲ್ಲ, ಗೆಳತಿಗೂ ಇಲ್ಲ!

ನಮ್ಮ ಹಾಸನದ ಪ್ರಕರಣವನ್ನೇ ತೆಗೆದುಕೊಳ್ಳಿ. 2024ರ ಏಪ್ರಿಲ್‌ನಲ್ಲಿ ಪೆನ್‌ಡ್ರೈವ್‌ಗಳು ಬೀದಿಗೆ ಬಿದ್ದವು. ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು, ಸಹಾಯವಾಣಿ ತೆರೆದು ‘ಬನ್ನಿ, ಹೇಳಿ’ ಎಂದು ಕರೆಯಿತು. ದೂರು ಕೊಡಲು ಮುಂದೆ ಬಂದವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಒಬ್ಬಾಕೆ, ಮನೆಗೆಲಸದ ಹೆಣ್ಣುಮಗಳು, ಗಟ್ಟಿಯಾಗಿ ನಿಂತಳು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಸಂಸದನಿಗೆ ಜೀವಾವಧಿ ಶಿಕ್ಷೆ ವಿಧಿಸಿ, ದಂಡದ ಹಣದಲ್ಲಿ 11 ಲಕ್ಷ ರೂಪಾಯಿಗೂ ಹೆಚ್ಚು ಆಕೆಗೆ ಕೊಡಬೇಕು ಎಂದಿತು. ಸರಿ, ಬಾಯಿ ಬಿಡದೇ ಉಳಿದವರ ಗತಿ? ಅವರಿಗೂ ಆಸ್ಪತ್ರೆ ಖರ್ಚಿದೆ, ಬಿಟ್ಟ ಕೆಲಸವಿದೆ, ನಿದ್ದೆ ಬಾರದ ರಾತ್ರಿಗಳಿವೆ. ಸರ್ಕಾರದ ಪರಿಹಾರ ಅವರಿಗೆ ಸಿಗುತ್ತದೆಯೇ?

ಇದು ಮಾನದ ಬೆಲೆ ಅಲ್ಲ

ಮೊದಲು ಒಂದು ತಪ್ಪು ಕಲ್ಪನೆ ದೂರ ಮಾಡಿಕೊಳ್ಳೋಣ. ‘ದುಡ್ಡು ಕೊಟ್ಟರೆ ಹೋದ ಮಾನ ಬರುತ್ತಾ?’ ಎನ್ನುವವರಿದ್ದಾರೆ. ಮಾನ ಹೋಗಬೇಕಾದ್ದು ತಪ್ಪು ಮಾಡಿದವನದು, ಅವಳದ್ದಲ್ಲ. ಪರಿಹಾರ ಕೊಡುವುದು ಚಿಕಿತ್ಸೆಗೆ, ನಷ್ಟವಾದ ಸಂಬಳಕ್ಕೆ, ನಿಂತುಹೋದ ಓದಿಗೆ, ಬೇಕಾದರೆ ಮನೆ ಬದಲಿಸುವುದಕ್ಕೆ. ನಿಮ್ಮನ್ನು ಕಾಪಾಡುವ ಹೊಣೆ ಹೊತ್ತಿದ್ದ ಸರ್ಕಾರ ಅದರಲ್ಲಿ ಸೋತಿತಲ್ಲ, ಆ ಸೋಲಿಗೆ ಅದು ತೆರುವ ಬಾಕಿ ಇದು. ಭಿಕ್ಷೆಯಲ್ಲ.

ಸುಪ್ರೀಂ ಕೋರ್ಟ್ 1994ರಲ್ಲೇ ದೆಹಲಿಯ ಮನೆಗೆಲಸದ ಮಹಿಳೆಯರ ಪ್ರಕರಣವೊಂದರಲ್ಲಿ, ಆರೋಪಿಗೆ ಶಿಕ್ಷೆಯಾಗಲಿ ಬಿಡಲಿ ಸಂತ್ರಸ್ತೆಗೆ ಪರಿಹಾರ ಸಿಗುವ ವ್ಯವಸ್ಥೆ ಬೇಕು ಎಂದಿತ್ತು. ಅದು ಕಾನೂನಿನಲ್ಲಿ ಬರಲು ಹದಿನೈದು ವರ್ಷ ಬೇಕಾಯಿತು. 2009ರ ಕೊನೆಯಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಂ ಜಾರಿಗೆ ಬಂತು. ಈಗ, 2024ರ ಜುಲೈ 1ರಿಂದ, ಅದೇ ಮಾತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ ಆಗಿದೆ.

ಎಷ್ಟು? ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ರೂಪಿಸಿದ ಯೋಜನೆಯನ್ನು ಸುಪ್ರೀಂ ಕೋರ್ಟ್ ಒಪ್ಪಿಕೊಂಡು, 2018ರ ಅಕ್ಟೋಬರ್ 2ರಿಂದ ದೇಶವಿಡೀ ಜಾರಿ ಮಾಡಲು ಹೇಳಿತು. ಅದರ ಪ್ರಕಾರ ಅತ್ಯಾಚಾರಕ್ಕೆ 4ರಿಂದ 7 ಲಕ್ಷ ರೂಪಾಯಿ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ. ರಾಜ್ಯಗಳು ಇದಕ್ಕೆ ಸೇರಿಸಬಹುದು, ಕಳೆಯುವಂತಿಲ್ಲ. ವಯಸ್ಕ ಮಹಿಳೆಗೆ ಸಾಮಾನ್ಯವಾಗಿ ಶೇಕಡ 25 ಭಾಗ ಕೈಗೆ ಸಿಗುತ್ತದೆ. ಉಳಿದ 75 ಭಾಗ ಕನಿಷ್ಠ ಮೂರು ವರ್ಷ ಅವಳ ಹೆಸರಲ್ಲೇ ಬ್ಯಾಂಕಿನ ಠೇವಣಿಯಲ್ಲಿ ಇರುತ್ತದೆ.

ಗಂಟು ಇರುವುದೆಲ್ಲಿ?

ಈ ಕಾನೂನು ಶಿಕ್ಷೆಗೆ ಕಾಯುವುದಿಲ್ಲ. ಆರೋಪಿ ಯಾರು ಅಂತಲೇ ಗೊತ್ತಾಗದಿದ್ದರೂ, ವಿಚಾರಣೆಯೇ ನಡೆಯದಿದ್ದರೂ ನೀವು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಎರಡು ತಿಂಗಳೊಳಗೆ ಅವರು ವಿಚಾರಿಸಿ ಮುಗಿಸಬೇಕು. ಆರೋಪಿ ಬಿಡುಗಡೆಯಾದರೂ ಪರಿಹಾರ ಕೊಡಿ ಎಂದು ನ್ಯಾಯಾಲಯ ಶಿಫಾರಸು ಮಾಡಬಹುದು.

ಇಷ್ಟೆಲ್ಲ ಉದಾರವಾಗಿರುವ ಕಾನೂನು ಅರ್ಜಿ ನಮೂನೆಯ ಹತ್ತಿರ ಬಂದಾಗ ಬಿಗಿಯಾಗುತ್ತದೆ. ಕಲಂನಲ್ಲಿ ಎಫ್‌ಐಆರ್ ಎಂಬ ಪದವೇ ಇಲ್ಲ. ಆದರೆ ಯೋಜನೆಯ ಅರ್ಜಿಯ ಜೊತೆ ಎಫ್‌ಐಆರ್ ಪ್ರತಿ ಕೇಳುತ್ತಾರೆ. ಅಂದರೆ, ಪರಿಹಾರದ ಬಾಗಿಲು ಅಪರಾಧಿಗಾಗಿ ಕಾಯುವುದಿಲ್ಲ, ನಿಮ್ಮ ದೂರಿಗಾಗಿ ಕಾಯುತ್ತದೆ. ಬಾಯಿ ಬಿಡದ ಆ 77 ಮಂದಿ ಹೊರಗೇ ಉಳಿಯುತ್ತಾರೆ.

ಸುಳ್ಳು ಅರ್ಜಿ ಬಂದರೆ ಏನು ಮಾಡೋದು ಅನ್ನುವುದು ಸರ್ಕಾರದ ಚಿಂತೆ. ಅದೂ ತಪ್ಪಲ್ಲ, ಸಾರ್ವಜನಿಕರ ಹಣ ತಾನೇ? ಆದರೆ ಬೇರೆ ದಾರಿಯೂ ಇದೆ. ಆಸ್ಟ್ರೇಲಿಯಾದಲ್ಲಿ 2018ರ ಜುಲೈನಲ್ಲಿ ಒಂದು ಯೋಜನೆ ಶುರುವಾಯಿತು. ಚರ್ಚು, ಶಾಲೆ, ಅನಾಥಾಲಯದಂಥ ಸಂಸ್ಥೆಗಳಲ್ಲಿ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಗರಿಷ್ಠ ಒಂದೂವರೆ ಲಕ್ಷ ಡಾಲರ್ ಪರಿಹಾರ. ಅದಕ್ಕೆ ಪೊಲೀಸ್ ದೂರು ಕಡ್ಡಾಯವಿಲ್ಲ. ‘ಹೀಗೆ ನಡೆದಿರುವ ಸಂಭವ ಇದೆ’ ಎಂದು ಪರಿಶೀಲಿಸಿದವರಿಗೆ ಅನ್ನಿಸಿದರೆ ಸಾಕು. ನಮ್ಮಲ್ಲೂ ಕೊನೇಪಕ್ಷ ಚಿಕಿತ್ಸೆಯ ಮಟ್ಟಿಗಿನ ಮಧ್ಯಂತರ ಹಣಕ್ಕಾದರೂ ಸರ್ಕಾರಿ ವೈದ್ಯರ ದಾಖಲೆ, ಆಪ್ತ ಸಮಾಲೋಚಕರ ವರದಿ ಸಾಕು ಎನ್ನಬಾರದೇಕೆ? ಈ ಪ್ರಶ್ನೆಯನ್ನು ಮಹಿಳಾ ಸಂಘಟನೆಗಳು, ನಮ್ಮ ಶಾಸಕರು ಎತ್ತಬೇಕು. ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಏನು?

ಮೊದಲು ಆಸ್ಪತ್ರೆ, ಆಮೇಲೆ ಉಳಿದದ್ದು

ದೂರು ಕೊಡಬೇಕೋ ಬೇಡವೋ ಎಂಬ ನಿರ್ಧಾರವನ್ನು ಆ ಗಳಿಗೆಯಲ್ಲೇ ಮಾಡಬೇಕಾಗಿಲ್ಲ. ಆದರೆ ಆಸ್ಪತ್ರೆಗೆ ಹೋಗಲು ತಡ ಮಾಡಬೇಡಿ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಯಾವ ಆಸ್ಪತ್ರೆಯೂ ನಿಮಗೆ ಉಚಿತ ಚಿಕಿತ್ಸೆ ಕೊಡಲೇಬೇಕು. ‘ಪೊಲೀಸರನ್ನು ಕರೆದುಕೊಂಡು ಬಾ’ ಎಂದು ವಾಪಸು ಕಳಿಸುವಂತಿಲ್ಲ, ಅದೇ ಅಪರಾಧ. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಗರ್ಭ ನಿಲ್ಲದಂತೆ ತಡೆಯುವ ಮಾತ್ರೆಯೂ ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು.

ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಅದು ಕಾನೂನು ಅವರಿಗೆ ಹೊರಿಸಿರುವ ಹೊಣೆ. ಆದರೆ ವಯಸ್ಕ ಮಹಿಳೆ ‘ನನಗೆ ಈಗ ದೂರು ಬೇಡ’ ಎನ್ನಬಹುದು. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಂತೆ ವೈದ್ಯರು ಅದನ್ನು ಬರೆದಿಟ್ಟುಕೊಂಡು ಚಿಕಿತ್ಸೆ ಮುಂದುವರಿಸಬೇಕು. ಹೊರಡುವ ಮುನ್ನ ವೈದ್ಯಕೀಯ ವರದಿಯ ಪ್ರತಿ ಕೇಳಿ ಪಡೆಯಿರಿ, ಅದೂ ಉಚಿತ. ಆ ಕಾಗದವನ್ನು ಜೋಪಾನವಾಗಿಡಿ. ಆರು ತಿಂಗಳ ಮೇಲೆ ಮನಸ್ಸು ಗಟ್ಟಿಯಾದಾಗ ನಿಮ್ಮ ಪರವಾಗಿ ಮಾತಾಡುವುದು ಅದೇ.

ಹುಡುಗಿಗೆ 18 ತುಂಬಿಲ್ಲವೇ? ಹಾಗಾದರೆ ಈ ಆಯ್ಕೆ ಇಲ್ಲ. ಪೋಕ್ಸೊ ಕಾಯ್ದೆಯಂತೆ ವಿಷಯ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ಮಗುವಿಗೆ ಮಧ್ಯಂತರ ಪರಿಹಾರ ಕೇಳಬಹುದು.

ತಡವಾಯಿತು ಅಂತ ಸುಮ್ಮನಾಗಬೇಡಿ

‘ಎರಡು ವರ್ಷ ಆಯ್ತಲ್ಲ, ಈಗ ಯಾರು ನಂಬ್ತಾರೆ?’ ಅನ್ನಿಸುತ್ತದೆ. ಅತ್ಯಾಚಾರದ ದೂರಿಗೆ ಕಾನೂನು ಕಾಲಮಿತಿ ಹಾಕಿಲ್ಲ. ಮನೆತನದ ಮರ್ಯಾದೆಯ ಅಂಜಿಕೆಯಿಂದ ದೂರು ತಡವಾಗುವುದು ಸಹಜ, ಅಷ್ಟಕ್ಕೇ ಅವಳ ಮಾತು ಸುಳ್ಳಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಆದರೆ ಪರಿಹಾರದ ಅರ್ಜಿಗೆ ಮೂರು ವರ್ಷದ ಗಡುವಿದೆ. ಸಕಾರಣ ಕೊಟ್ಟರೆ ಪ್ರಾಧಿಕಾರ ವಿಳಂಬವನ್ನು ಮನ್ನಿಸಬಹುದು. ಹಾಗಾಗಿ ಯಾಕೆ ತಡವಾಯಿತು ಅನ್ನುವುದನ್ನು ಅರ್ಜಿಯಲ್ಲೇ ಇದ್ದದ್ದು ಇದ್ದ ಹಾಗೆ ಬರೆಯಿರಿ.

ನಿಮ್ಮೂರ ಠಾಣೆಗೇ ಹೋಗಬೇಕೆಂದಿಲ್ಲ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅದನ್ನು ಝೀರೋ ಎಫ್‌ಐಆರ್ ಎನ್ನುತ್ತಾರೆ. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ನಿಮ್ಮ ಹೆಸರು ಹೊರಗೆ ಬಿಟ್ಟುಕೊಡುವುದು ಅಪರಾಧ. ಠಾಣೆಯವರು ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ. ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಠಾಣೆ ಮೆಟ್ಟಿಲು ಹತ್ತದೆಯೂ...

ಇಬ್ಬರಿಗೆ ಮಾತ್ರ ಪೊಲೀಸ್ ದೂರಿಲ್ಲದ ದಾರಿ ಇದೆ. ಇಲ್ಲಿ ಹಣ ಕೊಡುವುದು ಸರ್ಕಾರವಲ್ಲ, ತಪ್ಪು ಮಾಡಿದವನು.

ಒಂದು, ಗಂಡನಿಂದಲೇ ನೊಂದವರು. 18 ದಾಟಿದ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರವನ್ನು ನಮ್ಮ ಕಾನೂನು ಇಂದಿಗೂ ಅತ್ಯಾಚಾರ ಎನ್ನುವುದಿಲ್ಲ. ಆದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಲೈಂಗಿಕ ಹಿಂಸೆಯನ್ನೂ ದೌರ್ಜನ್ಯವೆಂದೇ ಕರೆಯುತ್ತದೆ. ಸಂರಕ್ಷಣಾಧಿಕಾರಿಯ ಮೂಲಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ ಪರಿಹಾರ ಕೇಳಬಹುದು. ಎರಡು, ಕೆಲಸದ ಜಾಗದಲ್ಲಿ ಕಿರುಕುಳ ಅನುಭವಿಸಿದವರು. 2013ರ ಕಾಯ್ದೆಯಂತೆ ಆಂತರಿಕ ಸಮಿತಿಗೆ, ಅದಿಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಿ. ಅವನ ಸಂಬಳದಿಂದಲೇ ಹಣ ಕಡಿತ ಮಾಡಿಸಬಹುದು. ಮನೆಗೆಲಸದವರಿಗೂ ಈ ಸ್ಥಳೀಯ ಸಮಿತಿ ಇದೆ ಅನ್ನುವುದನ್ನು ನಿಮ್ಮ ಮನೆಗೆ ಬರುವ ಆಕೆಗೂ ತಿಳಿಸಿ.

ನೆನಪಿಡಿ

* ಮಹಿಳಾ ಸಹಾಯವಾಣಿ 181, ತುರ್ತು ಪೊಲೀಸ್ ನೆರವಿಗೆ 112, ಉಚಿತ ಕಾನೂನು ನೆರವಿಗೆ 15100. ಆದಾಯ ಎಷ್ಟೇ ಇರಲಿ, ಮಹಿಳೆಗೆ ಉಚಿತ ವಕೀಲರ ನೆರವು ಹಕ್ಕು.
* ಪರಿಹಾರದ ಅರ್ಜಿ ಕೊಡಬೇಕಾದ್ದು ಜಿಲ್ಲಾ ನ್ಯಾಯಾಲಯದ ಆವರಣದ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ. ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.
* ಜಿಲ್ಲೆಯ ‘ಸಖಿ’ ಕೇಂದ್ರದಲ್ಲಿ ಚಿಕಿತ್ಸೆ, ಸಮಾಲೋಚನೆ, ಕಾನೂನು ಸಲಹೆ ಮೂರಕ್ಕೂ ದಾರಿ ತೋರಿಸುತ್ತಾರೆ.

ಕೊನೆಯದಾಗಿ ಒಂದು ಮಾತು, ನೊಂದವರಿಗಲ್ಲ, ಅವರ ಪಕ್ಕದಲ್ಲಿರುವವರಿಗೆ. ಮಗಳೋ ಸೊಸೆಯೋ ನಾದಿನಿಯೋ ಬಂದು ಹೇಳಿಕೊಂಡರೆ ‘ಯಾರಿಗೂ ಹೇಳಬೇಡ’ ಅಂತ ಬಾಯಿ ಮುಚ್ಚಿಸಬೇಡಿ. ‘ಈಗಲೇ ನಡಿ ಸ್ಟೇಷನ್ನಿಗೆ’ ಅಂತ ಎಳೆದುಕೊಂಡೂ ಹೋಗಬೇಡಿ. ‘ನಿಂದೇನೂ ತಪ್ಪಿಲ್ಲ, ನಡಿ, ಮೊದಲು ಆಸ್ಪತ್ರೆಗೆ ಹೋಗೋಣ’ ಅನ್ನಿ. ದೂರು ಕೊಡುವ ಧೈರ್ಯ ಬಹಳ ಸಲ ಹುಟ್ಟುವುದು ಅಲ್ಲಿಂದಲೇ.